ಪ್ಲಾಟ್‌ಫಾರ್ಮಿನಲ್ಲಿ ಆರಿಸಿದ ಹಾಕಿ ತಂಡ

ಸಭೆಗಳಲ್ಲಿ ಸರ್ವೋತ್ತಮ ಬಾಯಿ ತೆರೆಯುತ್ತಿದ್ದುದು ಚಹಾ ಕುಡಿಯುವುದಕ್ಕೆ ಮಾತ್ರ. ಶುಕ್ರವಾರ ಸಂಜೆ ಡೊಂಬಿವಲಿಯ ಕನ್ನಡ ಸಂಘದಲ್ಲಿ ಹೇಗೋ ಒಂದು ಮಾತು ಜಾರಿಬಿತ್ತು: "ಹಾಕಿಯಲ್ಲಿ ಕಪ್ ಬರಬೇಕಾದರೆ ಆಟಗಾರರೇ ಬೇರೆ ನಮೂನೆಯವರು ಬೇಕು."

ಅಧ್ಯಕ್ಷ ಚಂದ್ರಶೇಖರ ತಲೆಯೆತ್ತಿದರು. ಥಾಣೆಯ ವಾಗ್ಳೆ ಎಸ್ಟೇಟಿನ ಆಫೀಸಿನಲ್ಲಿ ಸರ್ವೋತ್ತಮನ ಮೇಲಧಿಕಾರಿಯೂ ಅವರೇ. "ಹಾಗಾದ್ರೆ ನೀವೇ ಕರ್ಕೊಂಡು ಬನ್ನಿ. ನಾಳೆ ಸಂಜೆ ಥಾಣೆಯಲ್ಲಿ ನವಿ ಮುಂಬಯಿ ಸಂಘದವರ ಜೊತೆ ಮ್ಯಾಚು. ಈ ವರ್ಷವೂ ಸೋತ್ರೆ ಸೋಮವಾರದಿಂದ ನೀವು ನಮ್ಮ ಸೀವುಡ್ಸ್ ಬ್ರಾಂಚಿಗೆ."

ನವಿ ಮುಂಬಯಿಯ ಸೀವುಡ್ಸ್ ಎಂದರೆ ಥಾಣೆಯಲ್ಲಿ ಇಳಿದು ಇನ್ನೊಂದು ರೈಲು ಹತ್ತಬೇಕು. ಒಂದೇ ರೈಲಿಗೆ ಅವನ ಅಂಗಿಯ ಗುಂಡಿಗಳು ಉಳಿಯುತ್ತಿರಲಿಲ್ಲ.

ಬೇರೆ ನಮೂನೆ ಎಂದರೆ ಯಾವ ನಮೂನೆ ಎಂಬುದು ಅವನಿಗೂ ತಿಳಿದಿರಲಿಲ್ಲ. ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕಿದ ಮೇಲಿನ ಮನೆಯ ಶಾಂತಮ್ಮ, "ಸೊಂಟ ಗಟ್ಟಿ ಇರೋರನ್ನ ತಗೋಪ್ಪ, ಬಗ್ಗಿ ಆಡೋ ಆಟ" ಎಂದರು. ಸ್ಟೇಷನ್ ಬಳಿಯ ಹೋಟೆಲಿನ ಪುಂಡರೀಕಾಕ್ಷ, "ಸಿಟ್ಟು ಬಾರದವರೇ ಬೇಕು ಮಾರಾಯ, ಕೈಯಲ್ಲಿ ಕೋಲು ಉಂಟಲ್ಲ" ಎಂದ. ಸರ್ವೋತ್ತಮನ ತಲೆ ಚಟ್ನಿ ಅರೆಯುವ ಮಿಕ್ಸಿಯಂತೆ ತಿರುಗತೊಡಗಿತು.

ಅಷ್ಟರಲ್ಲಿ ಪ್ಲಾಟ್‌ಫಾರ್ಮಿಗೆ ಲೋಕಲ್ ರೈಲು ಬಂತು. ಅದು ನಿಲ್ಲುವ ಮೊದಲೇ ದಿನದ ಸಹಪ್ರಯಾಣಿಕ, ಸಣಕಲು ವಸಂತ್ ಸೂಜಿಗೆ ದಾರ ಹೊಕ್ಕಂತೆ ಜನರ ನಡುವೆ ನುಗ್ಗಿ ಒಳಗಿದ್ದ. ಕಲ್ಯಾಣದಲ್ಲೇ ಹತ್ತಿದ್ದ ಅಂಬಾರಾಯ ಕಪಾಟಿನಂತೆ ಬಾಗಿಲಲ್ಲಿ ನಿಂತಿದ್ದ.

"ಜಾಗಾ ಇಲ್ರೀ, ಹಿಂದಿನ ಗಾಡಿಗೆ ಬರ್ರಿ."

ಮೂವತ್ತು ಜನ ತಳ್ಳಿದರೂ ಒಂದು ಛತ್ರಿ ಕೂಡ ಒಳಗೆ ಹೋಗಲಿಲ್ಲ. ಫುಟ್‌ಬೋರ್ಡಿನ ಮೇಲೆ ಒಂದೇ ಕಾಲಲ್ಲಿ ನೇತಾಡುತ್ತಿದ್ದ ಸರ್ವೋತ್ತಮನಿಗೆ ಅಲ್ಲೇ ಗೋಲ್‌ಕೀಪರ್ ಕಾಣಿಸಿದ. ಥಾಣೆ ಬರುವಷ್ಟರಲ್ಲಿ ಬೋಗಿಯ ಕನ್ನಡಿಗರೆಲ್ಲ ಸೇರಿ ತಂಡವಾಯಿತು.

"ಚೆಂಡು ಒಳಗೆ ಹೋಗಬಾರದು, ಅಷ್ಟೇ."

"ಅಷ್ಟೇನ್ರಿ? ಅದನ್ನ ದಿನಾ ಮಾಡ್ತೀನಲ್ಲ" ಎಂದ ಅಂಬಾರಾಯ.

ಮಧ್ಯಾಹ್ನ ಫೋನಿನಲ್ಲಿ ಇದನ್ನೆಲ್ಲ ಕೇಳಿ ಹೆಂಡತಿ ಜಯಲತಾ, "ನಿಮಗೆ ಇಷ್ಟು ತಲೆ ಉಂಟು ಅಂತ ನನಗೇ ಗೊತ್ತಿರಲಿಲ್ಲ" ಎಂದಳು.

ಸಂಜೆ ವಸಂತ್ ನಾಲ್ವರ ಸಂದಿಯಲ್ಲಿ ನುಸುಳಿ ಒಂದು ಗೋಲು ಹೊಡೆದ. ಅಂಬಾರಾಯ ಕದಲಲಿಲ್ಲ. "ಸೀವುಡ್ಸ್ ಮರೆತುಬಿಡ್ರೀ" ಎಂದು ಚಂದ್ರಶೇಖರ ಬೆನ್ನು ತಟ್ಟಿದರು.

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ನವಿ ಮುಂಬಯಿ ತಂಡದಲ್ಲಿ ಆಡುತ್ತಿದ್ದ ರಂಜನ್, ಜಯಲತಾಳ ಖಾಸಾ ತಮ್ಮ, ಚೆಂಡಿನೊಂದಿಗೆ ಗೋಲಿನ ಎದುರು ಬಂದ. ಕೋಲು ಎತ್ತಲಿಲ್ಲ. ರೈಲಿನಿಂದ ಇಳಿಯುವವನ ದಣಿದ ದನಿಯಲ್ಲಿ, "ಭಾಯ್‌ಸಾಬ್, ಉತರ್ನಾ ಹೈ" ಎಂದ.

ಏರುವವರನ್ನು ತಡೆಯಬಹುದು, ಇಳಿಯುವವರಿಗೆ ದಾರಿ ಬಿಡದವನು ಮರುದಿನ ಆ ಬಾಗಿಲಲ್ಲಿ ನಿಲ್ಲುವಂತಿಲ್ಲ. ಮನಸ್ಸಿಗಿಂತ ಮೊದಲು ಅಂಬಾರಾಯನ ಮೈ ತಿರುಗಿತು. ಹೊಟ್ಟೆ ಒಳಗೆಳೆದುಕೊಂಡು ಕಂಬಕ್ಕೆ ಅಂಟಿ ನಿಂತ. ಚೆಂಡು ಒಳಗೆ ಹೋಯಿತು. ಎರಡನೆಯ ಸಲ ರಂಜನ್ ಬಾಯಿ ತೆರೆಯಬೇಕಾಗಲೇ ಇಲ್ಲ. ಬರುವುದನ್ನು ಕಂಡೇ ಅಂಬಾರಾಯ ಸರಿದ. ಒಂದಕ್ಕೆ ಎರಡು ಗೋಲಿನಿಂದ ಮ್ಯಾಚು ಹೋಯಿತು.

"ಎಂತಕ್ಕೆ ಬಿಟ್ಟದ್ದು ನೀವು?" ಎಂದ ಸರ್ವೋತ್ತಮ.

ಅಂಬಾರಾಯ ಕಂಗಾಲಾಗಿ ನೋಡಿದ. "ಅವರಿಗೆ ಇಳೀಬೇಕಿತ್ರಿ."

ರಂಜನ್ ಕಪ್ ಹಿಡಿದು ಬಂದ. "ಬೇಜಾರು ಮಾಡ್ಬೇಡಿ ಬಾವ. ಮಧ್ಯಾಹ್ನ ಅಕ್ಕ ಫೋನ್ ಮಾಡಿ ನಿಮ್ಮ ತಲೆಯನ್ನು ಅರ್ಧ ಗಂಟೆ ಹೊಗಳಿದ್ಲು. ಸೀವುಡ್ಸಿಗೆ ಬಂದಾಗ ಊಟಕ್ಕೆ ನಮ್ಮಲ್ಲಿಗೇ ಬನ್ನಿ."

ಥಾಣೆ ಸ್ಟೇಷನ್ನಿನ ದಾರಿಯುದ್ದಕ್ಕೂ ಸರ್ವೋತ್ತಮ ಅಂಬಾರಾಯನನ್ನು ಬೈದ. "ಇನ್ನು ಮೇಲೆ ಯಾರು ಹೇಳಿದರೂ ಸರಿಯಬೇಡಿ. ದೇವರೇ ಬಂದು ಹೇಳಿದರೂ." ಅಂಬಾರಾಯ ತಲೆ ತಗ್ಗಿಸಿ ಹೂಂಗುಟ್ಟಿದ.

ರೈಲು ಡೊಂಬಿವಲಿಯಲ್ಲಿ ನಿಂತಿತು. ಬಾಗಿಲಲ್ಲಿ ಅದೇ ಬೆನ್ನು.

"ಅಂಬಾರಾಯರೇ, ಸ್ವಲ್ಪ ಸರಿಯಿರಿ. ಇಳೀಬೇಕು."

"ಇನ್ನ ಮೋಸ ಹೋಗಂಗಿಲ್ರಿ" ಎಂದ ಅಂಬಾರಾಯ, ತಿರುಗಿಯೂ ನೋಡದೆ.

ರೈಲು ಕಲ್ಯಾಣದ ಕಡೆಗೆ ಹೊರಟಿತು.