ಮಾಲೀಕನನ್ನು ನಂಬಬೇಡಿ

ಹದಿನೇಳು ವರ್ಷ ನಾನು ಲಾಗೋಸಿನ ಮುಶಿನ್‌ನಲ್ಲಿ ಬಾಡಿಗೆಗೆ ಇದ್ದೆ. ಒಂದು ಕತ್ತಲ ಓಣಿ, ಅದರ ಎರಡೂ ಬದಿಗೆ ಎದುರುಬದುರು ಹತ್ತು ಕೋಣೆ, ಹತ್ತು ಸಂಸಾರ, ಒಂದೇ ಬಚ್ಚಲು. ಬೆಳಿಗ್ಗೆ ಐದಕ್ಕೆ ಬಕೆಟ್ ಹಿಡಿದು ಸಾಲಿನಲ್ಲಿ ನಿಂತರೆ, ಒಳಗಿದ್ದವರು ಹಾಡುವ ಹಾಡು ಎಷ್ಟನೇ ಚರಣಕ್ಕೆ ಬಂತು ಎಂಬುದರ ಮೇಲೆ ನಮ್ಮ ಸರದಿಯ ಅಂದಾಜು. (ಮೂರನೇ ಕೋಣೆಯವರು ಚರ್ಚಿನ ಹಾಡನ್ನು ಪೂರ್ತಿ ಹಾಡುವ ಪೈಕಿ. ಅವರ ಹಿಂದೆ ನಿಂತ ದಿನ ನಾನು ಬರೀ ಮುಖ ತೊಳೆದುಕೊಂಡು ಶಾಲೆಗೆ ಹೋಗಿದ್ದೇನೆ. ನಾನು ಮೇಷ್ಟ್ರು. ಮಕ್ಕಳಿಗೆ ಶುಚಿತ್ವದ ಪಾಠ ಮಾಡುವವನು.)

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದೇ ಹೋದದ್ದು ನಮ್ಮ ಮನೆ ಓನರನ್ನು. ತಿಂಗಳಿಗೊಮ್ಮೆ ಹೊಟ್ಟೆ ಮುಂದೆ ಮಾಡಿಕೊಂಡು ಬರುತ್ತಿದ್ದ. ಬಂದ ತಕ್ಷಣ ಹತ್ತು ಸಂಸಾರವೂ ಎದ್ದು "ಓನರ್ ಬಂದ್ರು! ಓನರ್ ಬಂದ್ರು!" ಎಂದು ಬಗ್ಗುತ್ತಿದ್ದವು. ನಮ್ಮ ಊರಿನಲ್ಲಿ ಡಾಕ್ಟರು, ಪಾದ್ರಿ, ಹಾಜಿ ಎಲ್ಲರಿಗಿಂತ ದೊಡ್ಡ ಬಿರುದು ಅದು. ಹದಿನೇಳು ವರ್ಷ ಬಗ್ಗಿ ಬಗ್ಗಿ ನನ್ನ ಸೊಂಟಕ್ಕೂ ಅಭಿಮಾನಕ್ಕೂ ಒಟ್ಟಿಗೇ ನೋವು ಶುರುವಾಯಿತು.

"ನಾವೂ ಒಂದು ಮನೆ ಕೊಂಡ್ಕೊಳ್ಳೋಣ" ಎಂದೆ ಹೆಂಡತಿಗೆ.

(ಅವಳ ಹೆಸರು ವುರಾವೊಲಾ. ಆದರೆ ಮಗಳು ಇರೇತಿ ಹುಟ್ಟಿದ ದಿನವೇ ನಮ್ಮಿಬ್ಬರ ಹೆಸರೂ ತೀರಿಕೊಂಡವು. ಅಂದಿನಿಂದ ಅವಳು ಇಯಾ ಇರೇತಿ, ಎಂದರೆ ಇರೇತಿಯ ಅವ್ವ. ನಾನು ಬಾಬಾ ಇರೇತಿ. ಮಗಳು ಮದುವೆಯಾಗಿ ಇಬಾದಾನಿಗೆ ಹೋದಳು, ಹೆಸರುಗಳು ಮಾತ್ರ ವಾಪಸು ಬರಲಿಲ್ಲ.)

"ಎಲ್ಲಿ?" ಎಂದಳು.

"ಇಕೊರೊಡು ದಾಟಿದ ಮೇಲೆ."

"ದಾಟಿ ಎಷ್ಟು ದೂರ?"

"ಸ್ವಲ್ಪ."

"ಬಾಬಾ ಇರೇತಿ, ನಿಮ್ಮ ಮನೆಯವರ ಸ್ವಲ್ಪ ನಂಗೆ ಚೆನ್ನಾಗ್ ಗೊತ್ತು. 'ಹುಡುಗನಿಗೆ ಸ್ವಲ್ಪ ಜಂಬ' ಅಂತ ಹೇಳೇ ನಿಮ್ಮವ್ವ ನಿಮ್ಮನ್ನ ನನ್ನ ತಲೆಗೆ ಕಟ್ಟಿದ್ದು."

ಜಾಹೀರಾತಿನಲ್ಲಿ 'ಜನಸಾಮಾನ್ಯರ ಕೈಗೆಟುಕುವ ಬಡಾವಣೆ' ಎಂದಿತ್ತು. ಬೆಲೆಯೇನೋ ಕೈಗೆಟುಕಿತು, ಬಡಾವಣೆ ಮಾತ್ರ ಕಾಲಿಗೆಟುಕಲಿಲ್ಲ. ಎರಡು ಹಳದಿ ವ್ಯಾನು, ಒಂದು ಬಾಡಿಗೆ ಬೈಕು, ಆಮೇಲೆ ದೇವರು ಕೊಟ್ಟ ಕಾಲು. ಕೆಸರು ದಾಟುವಾಗ ಹೆಂಡತಿಯ ಒಂದು ಚಪ್ಪಲಿ ಅಲ್ಲೇ ಶಾಶ್ವತವಾಗಿ ನೆಲೆಸಿತು. "ಇದು ಊರಲ್ಲ, ಊರು ಮುಗಿದು ಹೋದ ಜಾಗ" ಎಂದು ಅವಳು ದಾರಿಯುದ್ದಕ್ಕೂ ನನ್ನ ವಂಶವನ್ನು ಒಬ್ಬೊಬ್ಬರನ್ನಾಗಿ ಉದ್ಧಾರ ಮಾಡಿದಳು. ನನ್ನ ಮುತ್ತಜ್ಜನ ಹತ್ತಿರ ಬರುವ ಹೊತ್ತಿಗೆ ಮನೆ ಬಂತು. ಎರಡು ಕೋಣೆ, ಒಂದು ಹಜಾರ, ಅರ್ಧ ಗಾರೆ ಕಂಡ ಗೋಡೆ, ತಗಡಿನ ಮಾಡು.

ಅವಳು ಬಚ್ಚಲಿನೊಳಗೆ ಹೋಗಿ ಚಿಲಕ ಹಾಕಿಕೊಂಡಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಹೋಗಿ ಬಾಗಿಲು ಬಡಿದೆ.

"ಏನ್ ಮಾಡ್ತಿದ್ದೀಯೇ ಒಳಗೆ?"

"ಏನಿಲ್ಲ, ಸುಮ್ನೆ ಕೂತಿದೀನಿ. ಯಾರೂ ಬಾಗಿಲು ಬಡೀತಿಲ್ಲ."

"ನಾನು ಬಡೀತಿದೀನಲ್ಲ!"

"ನೀವು ಲೆಕ್ಕಕ್ಕಿಲ್ಲ."

ಹೀಗೆ ಮನೆ ನಮ್ಮದಾಯಿತು.

ಮನೆ ಕೊಳ್ಳುವುದು ಕಷ್ಟ ಎನ್ನುತ್ತಾರೆ. ಸುಳ್ಳು. ನಮ್ಮ ಲಾಗೋಸಿನಲ್ಲಿ ಕೊಂಡ ಮನೆ ನಮ್ಮದಾಗಿಯೇ ಉಳಿಯುವುದು ಕಷ್ಟ. ನೀವು ಕೆಲಸಕ್ಕೆ ಹೋದ ಹೊತ್ತಿಗೆ ಇಸ್ತ್ರಿ ಅಂಗಿ ತೊಟ್ಟ ಯಾವನೋ ಬಂದು, ಇದು ನನ್ನದೇ ಮನೆ ಎಂದು ತೋರಿಸಿ, ಅದನ್ನು ಮೂರು ಜನಕ್ಕೆ ಮಾರಿ, ನೀವು ಊಟಕ್ಕೆ ಬರುವುದರೊಳಗೆ ಮಾಯವಾಗುತ್ತಾನೆ. ಅದಕ್ಕೇ ಮನೆ ಇದ್ದವರೆಲ್ಲ ಗೋಡೆಯ ಮೇಲೆ 'ಈ ಮನೆ ಮಾರಾಟಕ್ಕಿಲ್ಲ' ಎಂದು ಬಣ್ಣದಲ್ಲಿ ಬರೆಸುತ್ತಾರೆ. ನಾನು ಬರೆಸಲಿಲ್ಲ, ನಾನೇ ಬರೆದೆ. ನನ್ನ ಅಕ್ಷರ ಇಡೀ ಶಾಲೆಯಲ್ಲೇ ಹೆಸರುವಾಸಿ. ಬೀದಿಯವರದು ಒಂದೊಂದೇ ಸಾಲು. ಮೇಷ್ಟ್ರಾದವನು ಅಷ್ಟಕ್ಕೇ ಬಿಡುವುದುಂಟೇ? ಏಣಿ ಹತ್ತಿ ಕೆಂಪು ಬಣ್ಣದಲ್ಲಿ ಮೊಳದುದ್ದದ ಅಕ್ಷರಗಳಲ್ಲಿ ಶಾಸನ ಕೊರೆದೆ:

'ಈ ಮನೆ ಮಾರಾಟಕ್ಕಿಲ್ಲ. ಎಂದೆಂದಿಗೂ ಇಲ್ಲ. ಮಾರುತ್ತೇನೆಂದು ಬಂದವನು ಮೋಸಗಾರ. ತಾನೇ ಮಾಲೀಕನೆಂದು ಹೇಳಿಕೊಂಡರೂ ನಂಬಬೇಡಿ. ಹಿಡಿದು ಕೂಡಿಸಿ. ಇಂತಿ, ಮಾಲೀಕ.'

"ಆ ನಾಕನೇ ಸಾಲು ಬೇಕಿತ್ತಾ?" ಎಂದಳು ಹೆಂಡತಿ.

"ಅದೇ ಕಣೇ ಜೀವಾಳ!" ಎಂದೆ.

ನನ್ನ ದುರವಸ್ಥೆ ಮೊದಲ ವಾರದಲ್ಲೇ ಆರಂಭವಾಯಿತು. ಶಾಲೆಯಿದ್ದದ್ದು ಮುಶಿನ್‌ನಲ್ಲಿ. ಕೋಳಿ ಕೂಗುವ ಮೊದಲೇ ಹೊರಟರೆ ಎಂಟಕ್ಕೆ ಗಂಟೆ ಹೊಡೆಯುವಾಗ ಶಾಲೆ. ಸಂಜೆ ಹೊರಟರೆ ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಮನೆ. ರಜೆಯ ದಿನ ಹೆಣದಂತೆ ನಿದ್ದೆ. 'ಓನರ್' ಎಂದು ಕರೆಸಿಕೊಳ್ಳಲು ನಾನು ಯಾರ ಕಣ್ಣಿಗಾದರೂ ಬೀಳಬೇಕಲ್ಲ? ಬೀದಿನಾಯಿಗಳ ಕಣ್ಣಿಗೆ ಬಿದ್ದೆ. ಅವು ಬೊಗಳಿದವು.

ಇತ್ತ ನನ್ನ ಹೆಂಡತಿ ಗೇಟಿನ ಪಕ್ಕ ಒಲೆ ಹೂಡಿ ಅಕಾರ ಕರಿಯತೊಡಗಿದಳು. (ಅಲಸಂದೆ ವಡೆ. ಅವಳ ಕೈಯದು ತಿಂದರೆ ಬೈಗುಳವೂ ಮರೆತುಹೋಗುತ್ತದೆ.) ತಿಂಗಳೊಳಗೆ ಬೀದಿಗೆ ಬೀದಿಯೇ ಅವಳನ್ನು 'ಓನರಮ್ಮ' ಎನ್ನತೊಡಗಿತು. ಮನೆ ಮಾಲೀಕರ ಸಂಘದ ಸಭೆಗೆ ನನಗೆ ಪುರುಸೊತ್ತಿಲ್ಲವೆಂದು ಅವಳು ಹೋದಳು. ಮೂರನೇ ಸಭೆಗೆ ಉಪಾಧ್ಯಕ್ಷೆಯಾಗಿ ಮನೆಗೆ ಬಂದಳು. ಬಿರುದಿಗೆ ಆಸೆಪಟ್ಟವನು ನಾನು, ಹೊತ್ತುಕೊಂಡು ಮೆರೆದವಳು ಅವಳು!

ಎಂಟನೇ ತಿಂಗಳಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು.

"ಮಾರಿಬಿಡೋಣ ಕಣೇ. ಮುಶಿನ್‌ಗೇ ವಾಪಸ್ ಹೋಗೋಣ" ಎಂದೆ.

ಜಾಲರಿ ಸೌಟು ಎಣ್ಣೆಯ ಮೇಲೆಯೇ ನಿಂತಿತು. "ಏನಂದ್ರಿ?"

"ಅಲ್ಲಿ ಶಾಲೆ ಹತ್ತಿರ..."

"ಶಾಲೇನೇ ಈ ಕಡೆ ನೋಡ್ಕೊಳ್ಳಿ. ವರ್ಗಕ್ಕೆ ಅರ್ಜಿ ಹಾಕಿ ಅಂತ ಬಂದ ದಿನದಿಂದ ಬಡ್ಕೋತಿದೀನಿ. ಸಾಹೇಬರ ಮುಂದೆ ನಿಂತು ಕೇಳೋಕೆ ನಿಮಗೆ ಜಂಬ ಅಡ್ಡ. ಹದಿನೇಳು ವರ್ಷ ಬಕೆಟ್ ಹಿಡ್ಕೊಂಡು ನಿಂತೋಳು ನಾನು. ಇನ್ನೊಂದು ಸಲ ನಿಲ್ಲಲ್ಲ. ಆ ಮಾತು ಇಲ್ಲಿಗೇ ಮುಗೀತು."

ಅವಳಿಗೆ ಮುಗಿದಿತ್ತು. ನನಗೆ ಮುಗಿದಿರಲಿಲ್ಲ. ಒಂದು ಗುರುವಾರ, ಅವಳು ಅಲಸಂದೆ ತರಲು ಇಕೊರೊಡು ಸಂತೆಗೆ ಹೋಗುವ ದಿನ ನೋಡಿ, ನಾನು ಶಾಲೆಗೆ ರಜೆ ಹಾಕಿದೆ. ಒಕ್ವುಡಿಲಿ ಎಂಬ ಬಿಡಿಭಾಗಗಳ ವ್ಯಾಪಾರಿಯನ್ನು ಮನೆ ತೋರಿಸಲು ಕರೆತಂದೆ. ಗುರುತು ಸಿಗಬಾರದೆಂದು ಕಪ್ಪು ಕನ್ನಡಕ, ಕಿವಿ ಮುಚ್ಚುವ ಟೋಪಿ. (ಇಸ್ತ್ರಿ ಅಂಗಿ ಬೇರೆ. ಈಗ ನೆನೆಸಿಕೊಂಡರೆ ಯಾವ ಕಳ್ಳನೂ ಅಷ್ಟು ಚೆನ್ನಾಗಿ ಕಳ್ಳನಂತೆ ಕಾಣಲಾರ.)

ಒಕ್ವುಡಿಲಿ ಮನೆ ನೋಡಲಿಲ್ಲ, ಗೋಡೆ ನೋಡಿದ.

"ಇದೇನ್ರೀ?"

"ಅದು ಹಳೇದು ಬಿಡಿ."

"ಬಣ್ಣ ಹೊಸದಾಗೇ ಇದೆಯಲ್ಲ?"

"ಒಳ್ಳೇ ಬಣ್ಣ ಸ್ವಾಮಿ."

"ಮನೆ ಓನರ್ ಯಾರು?"

"ನಾನೇ!" ಎಂದೆ, ಎದೆಯುಬ್ಬಿಸಿ.

ಅವನು ನಾಲ್ಕನೇ ಸಾಲನ್ನು ಇನ್ನೊಂದು ಸಲ ಬೆರಳಿಟ್ಟು ಓದಿದ. ನನ್ನ ಮುಖ ನೋಡಿದ. ಮೂರು ಹೆಜ್ಜೆ ಹಿಂದೆ ಸರಿದು "ಮೋಸಗಾರ! ಹಿಡೀರಿ!" ಎಂದು ಕಿರುಚಿದ.

ಬೀದಿಯಲ್ಲಿ ಇಷ್ಟು ಜನ ಇದ್ದಾರೆಂದು ನನಗೆ ಗೊತ್ತಾದದ್ದೇ ಅಂದು. ನನ್ನನ್ನು ಎತ್ತಿಕೊಂಡು ಹೋಗಿ ಸಂಘದ ಚಪ್ಪರದಡಿ ಬೆಂಚಿನ ಮೇಲೆ ಕೂಡಿಸಿದರು. ಅಧ್ಯಕ್ಷ ಅಲ್ಹಾಜಿ ಬಡ್ಮೂಸ್ ವಿಚಾರಣೆಗೆ ಕೂತರು.

"ಅಲ್ಹಾಜಿ, ನಾನು ಬಾಬಾ ಇರೇತಿ! ಓನರಮ್ಮನ ಗಂಡ!" ಎಂದೆ.

"ಬಾಬಾ ಇರೇತಿ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋರು. ಅವರ ಮುಖ ಬೆಳಕಲ್ಲಿ ಕಂಡೋರು ಇಲ್ಲಿ ಯಾರಾದ್ರೂ ಇದೀರೇನಪ್ಪ?"

ಯಾರೂ ಇರಲಿಲ್ಲ. ಗೋಡೆ ಬರೆದ ದಿನವೂ ಬೀದಿ ಕಂಡದ್ದು ನನ್ನ ಬೆನ್ನನ್ನೇ.

"ಕಾಗದಪತ್ರ ನೋಡಿ ಬೇಕಾದ್ರೆ!"

"ಕಾಗದಪತ್ರ ಇಷ್ಟು ಅಚ್ಚುಕಟ್ಟಾಗಿರೋದು ಕಳ್ಳರ ಹತ್ರಾನೇ. ನಂದು ಅರ್ಧ ಇಲಿ ತಿಂದಿದೆ."

"ಗೋಡೆ ಮೇಲಿನ ಅಕ್ಷರ ನಂದೇ! ಕೊಡಿ, ಬರೆದು ತೋರಿಸ್ತೀನಿ!"

ಕೊಟ್ಟರು. ಬರೆದೆ. ಅಕ್ಷರ ಥೇಟ್ ಅದೇ. ಅಲ್ಹಾಜಿ ಎದ್ದು ಹೋಗಿ ಕಾಗದವನ್ನು ನಮ್ಮ ಗೋಡೆಯ ಪಕ್ಕ ಹಿಡಿದು ನೋಡಿ, ಬೆರಗಾಗಿ ವಾಪಸು ಬಂದರು. "ಅಬ್ಬಬ್ಬಾ! ಎಂಥಾ ನಕಲಿ ಕೈ! ಇವನು ಸಣ್ಣಪುಟ್ಟ ಕಳ್ಳ ಅಲ್ಲ!"

ಅಷ್ಟರಲ್ಲಿ ಬೈಕಿನವನು ನನ್ನ ಹೆಂಡತಿಯನ್ನು ಅಲಸಂದೆ ಮೂಟೆಯ ಸಮೇತ ಕರೆತಂದ. ನನಗೆ ಹೋದ ಜೀವ ಬಂತು. ಅವಳು ನನ್ನ ಟೋಪಿ ನೋಡಿದಳು, ಕನ್ನಡಕ ನೋಡಿದಳು, ಒಕ್ವುಡಿಲಿಯನ್ನು ನೋಡಿದಳು. ಎಲ್ಲವೂ ಅರ್ಥವಾಯಿತೆಂದು ಅವಳ ಮುಖ ನೋಡಿದೊಡನೆ ನನಗೂ ಅರ್ಥವಾಯಿತು.

"ಓನರಮ್ಮ, ಈತ ನಿಮ್ಮ ಯಜಮಾನರಾ?" ಎಂದು ಕೇಳಿದರು ಅಲ್ಹಾಜಿ.

"ಯಾರೋ ಗೊತ್ತಿಲ್ಲ" ಎಂದಳು.

"ಇಯಾ ಇರೇತಿ! ನಾನು ಕಣೇ!"

"ನನ್ನ ಗಂಡ ಈಗ ಶಾಲೇಲಿ ಪಾಠ ಮಾಡ್ತಿರ್ತಾರೆ" ಎಂದಳು ಅವಳು, ಜನರ ಕಡೆ ತಿರುಗಿ. "ಎಂದೆಂದಿಗೂ ಮಾರಲ್ಲ ಅಂತ ಅಷ್ಟು ದೊಡ್ಡಕ್ಕೆ ಬರೆದೋರು ಅವರು. ಮಾಲೀಕ ಅಂದ್ರೂ ನಂಬಬೇಡಿ ಅಂತಾನೂ ಬರೆದಿದ್ದಾರೆ. ಗಂಡನ ಮಾತು ನಾನು ಮೀರೋಳಲ್ಲ." ಆಮೇಲೆ ಅವಳ ದನಿ ಸಣ್ಣಗಾಯಿತು. "ಹದಿನೇಳು ವರ್ಷ ನಾನು ಎಲ್ಲಿ, ಹೇಗೆ ನಿಂತಿದ್ದೆ ಅಂತ ಅವರಿಗೆ ಗೊತ್ತು. ನನ್ನ ಬೆನ್ನ ಹಿಂದೆ ಮನೆ ಮಾರೋಷ್ಟು ಕೆಟ್ಟೋರಲ್ಲ ನನ್ನ ಗಂಡ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಗುಳ ನನಗೆ ಅಭ್ಯಾಸ. ಇದನ್ನು ತಡೆಯಲಾಗಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ. ಕನ್ನಡಕ ತೆಗೆದು, "ಮಾರಲ್ಲ. ನಾಳೇನೇ ವರ್ಗಕ್ಕೆ ಅರ್ಜಿ ಹಾಕ್ತೀನಿ. ಸಾಹೇಬರ ಕಾಲಿಗೆ ಬೇಕಾದ್ರೂ ಬೀಳ್ತೀನಿ" ಎಂದೆ.

ಅವಳು ಹತ್ತಿರ ಬಂದು ಬಗ್ಗಿ ನನ್ನ ಮುಖವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಪರೀಕ್ಷಿಸಿದಳು.

"ಅಲ್ಹಾಜಿ, ಈಗ ಸ್ವಲ್ಪ ನನ್ನ ಗಂಡನ ಹಾಗೇ ಕಾಣ್ತಾರೆ ನೋಡಿ."

"ಸ್ವಲ್ಪ ಅಂದ್ರೆ ಎಷ್ಟು?" ಎಂದರು ಅಲ್ಹಾಜಿ.

"ಗೋಡೆ ತಿದ್ದಿ ಮುಗಿಸಲಿ, ಹೇಳ್ತೀನಿ."

ಇಡೀ ಬೀದಿ ಅಕಾರ ತಿನ್ನುತ್ತಾ ನಿಂತು ನೋಡುವಾಗ ನಾನು ಏಣಿ ಹತ್ತಿ ಪ್ರತಿಯೊಂದು ಅಕ್ಷರಕ್ಕೂ ಮತ್ತೆ ಬಣ್ಣ ಕೊಟ್ಟೆ. (ಒಕ್ವುಡಿಲಿಯೂ ತಿಂದ. ಮೂರು ಪೊಟ್ಟಣ.) ಕೊನೆಗೆ ಅವಳು ಹೇಳಿದಂತೆ 'ಇಂತಿ, ಮಾಲೀಕ' ಎಂಬುದನ್ನು ಅಳಿಸಿ 'ಇಂತಿ, ಇಯಾ ಇರೇತಿ' ಎಂದು ಬರೆದೆ. ಅಕ್ಷರ ಚೆನ್ನಾಗಿ ಬಂತೆಂದು ಎಲ್ಲರೂ ಮೆಚ್ಚಿದರು.

ವರ್ಗವಾಯಿತು. ಈಗ ನಾನು ಹಗಲು ಹೊತ್ತಿನಲ್ಲೇ ಮನೆಗೆ ಬರುತ್ತೇನೆ, ಬೀದಿಯವರಿಗೆಲ್ಲ ನನ್ನ ಮುಖ ಚೆನ್ನಾಗಿ ಪರಿಚಯವಾಗಿದೆ. ಹದಿನೇಳು ವರ್ಷ ಆಸೆಪಟ್ಟಂತೆ ನನಗೂ ಒಂದು ಬಿರುದು ಸಿಕ್ಕಿದೆ. ನಾನು ಮೂಲೆ ತಿರುಗಿದ ಕೂಡಲೇ ಯಾರಾದರೊಬ್ಬರು ನಮ್ಮ ಗೇಟಿನತ್ತ ಕೂಗುತ್ತಾರೆ: "ಓನರಮ್ಮ, ನಿಮ್ಮ ಕಳ್ಳರು ಬಂದ್ರು!"