ಗಿರಿಧರರಾಯರ ಶೇಕಡಾ ನಾಲ್ಕು

ಹೆಂಡತಿಯ ಪೆನ್ಷನ್ನಿನಲ್ಲಿ ಒಂದು ತುತ್ತನ್ನೂ ಉಣ್ಣುವುದಿಲ್ಲವೆಂದು ಗಿರಿಧರರಾಯರು ನಿವೃತ್ತಿಯ ದಿನವೇ ಸಾರಿಬಿಟ್ಟಿದ್ದರು. (ಉಣ್ಣಿರೆಂದು ಯಾರೂ ಕರೆದಿರಲಿಲ್ಲ.) ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಗಿರಣಿಯೊಂದರಲ್ಲಿ ಮೂವತ್ತೆರಡು ವರ್ಷ ದುಡಿದ ಅವರಿಗೆ ಪೆನ್ಷನ್ ಇರಲಿಲ್ಲ, ಮ್ಯೂಚುವಲ್ ಫಂಡಿನಲ್ಲಿ ಕೂಡಿಟ್ಟ ಒಂದು ಕೋಟಿ ಇಪ್ಪತ್ತು ಲಕ್ಷವಿತ್ತು. ಕೇಂದ್ರ ಸರಕಾರದ ಶಾಲೆಯಲ್ಲಿ ಗಣಿತ ಕಲಿಸಿದ ಇಂದುಮತಿಬಾಯಿಗಾದರೋ ತಿಂಗಳು ತಪ್ಪದೆ ಪೆನ್ಷನ್ ಬರುತ್ತಿತ್ತು. ಗಂಡಸಿನ ಮರ್ಯಾದೆಗೆ ಇದಕ್ಕಿಂತ ದೊಡ್ಡ ಗಂಡಾಂತರ ಬೇಕೇ?

ವಡೋದರೆಯ ಫ್ಲ್ಯಾಟಿನಲ್ಲಿ ನೆಲೆಸಿದ ಮೇಲೆ, ಮೊಬೈಲಿನ ಉಪನ್ಯಾಸವೊಂದರಿಂದ ರಾಯರಿಗೆ ಜ್ಞಾನೋದಯವಾಯಿತು.

"ಇಂದೂ, ಕೇಳಿಲ್ಲಿ. ಫಂಡಿನಾಗಿಂದ ವರ್ಷಕ್ಕ ನೂರಕ್ಕ ನಾಕು ತಗೀಬೇಕು, ಅಷ್ಟೇ. ಮೂವತ್ತು ವರ್ಷ ರೊಕ್ಕ ಮುಗಿಯೂದಿಲ್ಲ!"

"ಆ ಲೆಕ್ಕ ಅಮೆರಿಕಾದವರದು. ಅಲ್ಲಿ ಟೊಮ್ಯಾಟೊ ರೇಟೇ ಬ್ಯಾರೆ, ಇಲ್ಲಿ ಟೊಮ್ಯಾಟೊ ರೇಟೇ ಬ್ಯಾರೆ."

"ನೀ ಗಣಿತದ ಟೀಚರ್. ಇದು ಅರ್ಥಶಾಸ್ತ್ರ."

ಇಂದುಮತಿಬಾಯಿ ಮೂವತ್ತು ವರ್ಷ ಏಳನೆಯ ತರಗತಿಯನ್ನು ಸಹಿಸಿದವರು. ಟೊಮ್ಯಾಟೊ ಹೆಚ್ಚಲು ಎದ್ದುಹೋದರು.

ಪ್ರತಿ ತಿಂಗಳ ಒಂದನೆಯ ತಾರೀಖು ಫಂಡಿನಿಂದ ನಲವತ್ತು ಸಾವಿರ ರೂಪಾಯಿ ದಂಪತಿಗಳ ಜಂಟಿ ಖಾತೆಗೆ ತಾನಾಗಿ ಬಂದು ಬೀಳುವ ವ್ಯವಸ್ಥೆಯಾಯಿತು. ಆಕೆಯ ಪೆನ್ಷನ್ನೂ ಅದೇ ಖಾತೆಗೆ ಬರುತ್ತಿತ್ತು. ಅದು ಅಲ್ಲಿ ಯಾರೂ ಮುಟ್ಟದೆ ಬಿದ್ದಿದೆಯೆಂದು ರಾಯರ ಭಾವನೆ. ಖಾತೆಯನ್ನು ಅವರು ತೆರೆದು ನೋಡಲಿಲ್ಲ, ಅದು ಗುಮಾಸ್ತರ ಕೆಲಸ. ನೋಡಿದ್ದು ಫಂಡನ್ನು ಮಾತ್ರ. ಒಂದೂವರೆ ವರ್ಷ ಹಾಲು, ತರಕಾರಿ, ಲೈಟ್ ಬಿಲ್ಲು ಎಲ್ಲ ಸುಸೂತ್ರವಾಗಿ ನಡೆದರೂ ಫಂಡು ಕರಗಲಿಲ್ಲ. ಬೆಳೆಯಿತು! ಹಿಂತೆಗೆದ ಹಣದ ಲಾಭಕ್ಕೆ ತೆರಿಗೆ ಕಟ್ಟುವಾಗಲೂ ರಾಯರು ನಗುತ್ತಿದ್ದರು.

ಇಂಥ ಪವಾಡ ಮನೆಯೊಳಗೆ ಉಳಿದೀತೇ? ಕನ್ನಡ ಸಂಘದವರು ಭಾನುವಾರ ಭಾಷಣಕ್ಕೆ ಕರೆದರು. ಅಹಮದಾಬಾದಿನ ಚಾಂದ್‌ಖೇಡಾದಿಂದಲೂ ಎರಡು ಸಂಸಾರಗಳು ಬಂದವು. ವಿಷಯ: 'ನಿವೃತ್ತಿ ನಿಧಿಯ ನಿರಪಾಯ ನಿರ್ವಹಣೆ'. ಸಾಕ್ಷ್ಯಕ್ಕೆಂದು ರಾಯರು ಬ್ಯಾಂಕಿನ ಖಾತೆಯನ್ನೇ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿದರು.

ಮುಂದಿನ ಸಾಲಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಕಮಲಾಕ್ಷಿ ಕೂತಿದ್ದರು.

"ಸಾರ್, ಒಂದನೇ ತಾರೀಕು ನಲವತ್ತು ಸಾವಿರ ಬಂತು, ಸರಿ. ಐದನೇ ತಾರೀಕು ನಲವತ್ತು ಸಾವಿರ ಹೋಯ್ತಲ್ಲ, ಅದೆಲ್ಲಿಗೆ?"

ರಾಯರು ಕನ್ನಡಕ ಏರಿಸಿದರು. ನೌಕರಿಯಲ್ಲಿದ್ದಾಗ, ತಿಂಗಳಿಗಿಷ್ಟು ಫಂಡಿಗೆ ಕಟ್ಟಿರೆಂದು ತಾವೇ ಬ್ಯಾಂಕಿಗೆ ಕೊಟ್ಟ ಆದೇಶ ಅದು. ಸಂಬಳ ನಿಂತಿತ್ತು, ಆದೇಶ ನಿಂತಿರಲಿಲ್ಲ. ಒಂದರಂದು ಫಂಡಿನಿಂದ ಹೊರಟ ಹಣ ಐದರಂದು ಫಂಡಿಗೇ ಮರಳುತ್ತಿತ್ತು.

"ಅಂದ್ರೆ ನೀವು ತೆಗೆದದ್ದು ನೂರಕ್ಕೆ ಸೊನ್ನೆ" ಎಂದರು ಕಮಲಾಕ್ಷಿ. "ಒಂದೂವರೆ ವರ್ಷ ಊಟಕ್ಕೇನು ಮಾಡಿದ್ರಿ?"

ಉತ್ತರ ಗೋಡೆಯ ಮೇಲೆಯೇ ಇತ್ತು. ಪ್ರತಿ ತಿಂಗಳ ಕೊನೆಗೆ ಒಂದೇ ಸಾಲು: ಪೆನ್ಷನ್, ಇಂದುಮತಿ. ಸಭೆಗೆ ಸಭೆಯೇ ಹಿಂದಿನ ಸಾಲಿನತ್ತ ತಿರುಗಿತು. ಇಂದುಮತಿಬಾಯಿ ಕೈಚೀಲದಲ್ಲಿ ಏನನ್ನೋ ಹುಡುಕುತ್ತಿದ್ದರು.

ಆಟೋದಲ್ಲಿ ರಾಯರು ಕೇಳಿದರು: "ನಿನಗ ಗೊತ್ತಿತ್ತೇನು?"

"ಎರಡನೇ ತಿಂಗಳಿಗೇ."

"ಹೇಳಬಾರದಾಗಿತ್ತs?"

"ಹೇಳಿದ್ರ ಭಾಷಣ ತಪ್ಪತಿತ್ತು."

ರಾಯರ ರಕ್ತ ಕುದಿಯಿತು. ಕುಲುಕುವ ಆಟೋದಲ್ಲೇ ಮೊಬೈಲು ತೆಗೆದು, ಹಲ್ಲು ಕಚ್ಚಿ, ಗುಂಡಿ ಒತ್ತಿದರು. "ನಿಲ್ಲಿಸಿಬಿಟ್ಟೆ! ಮುಂದಿನ ತಿಂಗಳಿಂದ ಈ ಮನೀ ನಡಿಯೂದು ನನ್ನ ರೊಕ್ಕದಾಗ!"

ಮುಂದಿನ ತಿಂಗಳು ಒಂದನೆಯ ತಾರೀಖು ಫಂಡಿನಿಂದ ಒಂದು ಪೈಸೆಯೂ ಬರಲಿಲ್ಲ. ಐದನೆಯ ತಾರೀಖು ಖಾತೆಯಿಂದ ನಲವತ್ತು ಸಾವಿರ ಠೀವಿಯಿಂದ ಹೊರಟುಹೋಯಿತು. ಆ ಕುಲುಕಾಟದಲ್ಲಿ ರಾಯರು ನಿಲ್ಲಿಸಿದ್ದು ಕಟ್ಟುವುದನ್ನಲ್ಲ, ತೆಗೆಯುವುದನ್ನು.

ಇಂದುಮತಿಬಾಯಿ ಮೊಬೈಲಿಗೆ ಬಂದ ಬ್ಯಾಂಕಿನ ಸಂದೇಶವನ್ನು ಎರಡು ಸಲ ಓದಿ, ಗಂಡನ ಮುಂದೆ ಚಹಾ ಇಟ್ಟರು.

"ಇಷ್ಟು ದಿನ ನಿಮಗ ಊಟಕ್ಕ ಹಾಕತಿದ್ದೆ. ಈಗ ನಿಮ್ಮ ಮುಪ್ಪಿಗೂ ನಾನs ಕೂಡಿಡಲಿಕ್ಕೆ ಹತ್ತೀನಿ ನೋಡ್ರಿ."