ಬೀದಿಗೆ ಹೊಂದಿದ ಕಾರು

ಕನ್ನಡಕದಂಗಡಿಯವನಿಗೆ ಸೋದರಮಾವ ಬಿಟ್ಟುಹೋದ ಆಸ್ತಿ ಒಂದೇ. ಒಂದು ಕಾಲದಲ್ಲಿ ಪಂದ್ಯ ಗೆದ್ದ ಕೆಂಪು ಕಾರು. ಬೇಡ ಅನ್ನಲು ಪಾಪದ ಮನುಷ್ಯನಿಗೆ ಬಾಯಿ ಬರಲಿಲ್ಲ. ಬಾಯೆಲ್ಲ ಆ ಕಾರಿಗೇ ಇತ್ತು.

ಅವತ್ತು ಬೆಳಿಗ್ಗೆ ಕೀಲಿ ತಿರುಗಿಸಿದ್ದೇ ತಡ, ಢಮಾರ್! ಎದುರುಮನೆಯ ನಿವೃತ್ತ ಮೇಷ್ಟ್ರು ಆಗಷ್ಟೇ ಆಕಳಿಸುತ್ತಿದ್ದರು. ಬೆಚ್ಚಿಬಿದ್ದ ರಭಸಕ್ಕೆ ಅವರ ಹಲ್ಲುಸೆಟ್ಟು ಹಾರಿ ಹೂಕುಂಡಕ್ಕೆ ಬಿತ್ತು.

“ಅಲ್ಲು! ನನ್ನ ಅಲ್ಲು!”

ಮಹಡಿಯಿಂದ ಮನೆ ಮಾಲೀಕ ಧಡಧಡ ಇಳಿದು ಬಂದ. “ನೋಡಯ್ಯಾ, ಸಂಜೆಯೊಳಗೆ ಇದರ ಬಾಯಿ ಮುಚ್ಚಿಸು. ಇಲ್ಲಾಂದ್ರೆ ಮನೆ ಖಾಲಿ ಮಾಡು!”

ಹೇಳಿದವನೇ ತನ್ನ ಸದ್ದಿಲ್ಲದ ಬಿಳಿ ಕಾರು ಹತ್ತಿದ. ಅದರೊಳಗೆ ಆಗಲೇ ಅದೇ ಬೀದಿಯ ನರ್ಸಮ್ಮನೂ ಹಾರ್ಮೋನಿಯಂ ಸಮೇತ ಸಂಗೀತದ ಟೀಚರೂ ಕೂತಿದ್ದರು. ಹಲ್ಲು ಒರೆಸಿಕೊಳ್ಳುತ್ತ ಮೇಷ್ಟ್ರೂ ತೂರಿಕೊಂಡರು. ದಿನಾ ಇವರನ್ನೆಲ್ಲ ಬಿಟ್ಟುಬರುವ ಮಾಲೀಕನ ಮುಖ ಹರಳೆಣ್ಣೆ ಕುಡಿದಂತಿತ್ತು.

“ಈ ಕಾರಿನ ದೆಸೆಯಿಂದ ಇನ್ನೊಂದು ಸಲ ಪಾತ್ರೆಪಗಡ ಕಟ್ಟು ಅಂದ್ರೆ, ನಿಮ್ಮನ್ನೇ ಮೂಟೆ ಕಟ್ತೀನಿ,” ಎಂದಳು ಕನ್ನಡಕದಂಗಡಿಯವನ ಹೆಂಡತಿ.

ಗ್ಯಾರೇಜಿನ ದಾರಿಯಲ್ಲಿ ಇನ್ನೊಂದು ಫಜೀತಿ. ನಿಧಾನ ಮಾಡಿದರೆ ಎಂಜಿನ್ ಬಿಕ್ಕಳಿಸಿ ನಿಂತುಬಿಡುತ್ತಿತ್ತು. ಸಿಗ್ನಲ್ಲಿನಲ್ಲಿ ಅದರ ಜೀವ ಉಳಿಸಲೆಂದು ಇವನು ಆಕ್ಸಿಲರೇಟರ್ ಒತ್ತುತ್ತಲೇ ಇದ್ದ. ಪಕ್ಕದ ಬೈಕಿನವನು ತನ್ನನ್ನೇ ಪಂದ್ಯಕ್ಕೆ ಕರೆದನೆಂದು ತಿಳಿದು, ಹಸಿರು ದೀಪ ಬಂದದ್ದೇ ಬಾಣದಂತೆ ಹೋದ. ಇವನ ಕಾರು ಅಲ್ಲೇ ಸತ್ತಿತು. ಗ್ಯಾರೇಜಿನವರೆಗೆ ತಳ್ಳಿದ್ದೇ ಬಂತು.

ಮೆಕ್ಯಾನಿಕ್ ಬಾನೆಟ್ಟಿಗೆ ಕಿವಿಕೊಟ್ಟ. “ಇದಕ್ಕೆ ಓಡೋಕೆ ಬರುತ್ತೆ ಸಾರ್, ನಡೆಯೋಕೆ ಬರಲ್ಲ.”

“ಹೇಗಾದ್ರೂ ಮಾಡಿ ಬೀದಿಗೆ ಹೊಂದೋ ಹಾಗೆ ಮಾಡಪ್ಪಾ.”

“ಅರ್ಧ ಶಕ್ತಿ ಹೋಗುತ್ತೆ.”

“ಹೋಗ್ಲಿ, ಮನೆ ಉಳಿಯುತ್ತಲ್ಲ!”

ಎಂಜಿನ್ನನ್ನು ಕುಣಿಸುತ್ತಿದ್ದ ಉಗ್ರವಾದ ಕ್ಯಾಮ್‌ಶಾಫ್ಟ್ ಹೋಗಿ ಸಾಧುವಾದದ್ದು ಬಂತು. ಪೆಟ್ರೋಲು ಕುಡಿಸುವ ಜೋಡಿ ಕಾರ್ಬ್ಯುರೇಟರ್ ಜಾಗಕ್ಕೆ ಪುಟ್ಟದೊಂದು ಬಂತು. ಕಹಳೆಯಂಥ ಹೊಗೆಕೊಳವೆ ಕಿತ್ತು ಸೈಲೆನ್ಸರ್ ಹಾಕಿದ್ದಾಯಿತು.

“ಈ ಕೊಳವೆ ಏನ್ಮಾಡ್ಲಿ?”

“ಯಾರಿಗಾದ್ರೂ ಕೊಟ್ಬಿಡು. ಪೀಡೆ ತೊಲಗ್ಲಿ!”

ಮಧ್ಯಾಹ್ನ ಕಾರು ಬೀದಿಗೆ ಬಂದಾಗ ಕಾಂಪೌಂಡಿನ ಮೇಲೆ ಮಲಗಿದ್ದ ಬೆಕ್ಕು ಕಣ್ಣು ಕೂಡ ತೆರೆಯಲಿಲ್ಲ. ಇವನಿಗೆ ಎದೆಯ ಮೇಲಿನ ಬಂಡೆ ಇಳಿದಂತಾಗಿ ಕಣ್ಣು ತುಂಬಿತು. ಹೆಂಡತಿ ನಕ್ಕಳು. ಮಾಲೀಕನಂತೂ ಎರಡೂ ಕೈ ಹಿಡಿದುಕೊಂಡ.

“ಬದುಕಿಸಿದೆ ಕಣಯ್ಯಾ! ಯಾವ ಗ್ಯಾರೇಜು?”

ಇವನು ವಿಳಾಸ ಹೇಳಿದ. ಮಾಲೀಕ ಆಗಲೇ ಬಿಳಿ ಕಾರು ಹತ್ತಿ ಹೊರಟ.

ಸಂಜೆ ಬಾಗಿಲು ತಟ್ಟಿದ ಸದ್ದು. ನೋಡಿದರೆ ಮೇಷ್ಟ್ರು, ನರ್ಸಮ್ಮ, ಟೀಚರು, ಹಾರ್ಮೋನಿಯಂ.

“ನಾಳೆಯಿಂದ ನಿಮ್ಮ ಕಾರಲ್ಲೇ ಬರ್ತೀವಪ್ಪಾ. ಹೊಂದಿಕೊಂಡು ಕೂತ್ಕೋತೀವಿ.”

“ಮಾಲೀಕರ ಕಾರು?”

“ಅವರೇ ಹೇಳಿದ್ರು, ಇನ್ಮೇಲೆ ನಿಮ್ಮದೇ ವಾಸಿ ಅಂತ.”

ಏಕೆ ಎಂದು ಕೇಳುವಷ್ಟರಲ್ಲಿ, ಢಮಾರ್! ಕಿಟಕಿ ಗಾಜು ನಡುಗಿತು. ಮೇಷ್ಟ್ರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು.

ಇವನು ಹೊರಗೋಡಿದ. ಕೆಂಪು ಕಾರು ಸಾಧುವಾಗಿ ನಿಂತಿತ್ತು. ಇವನ ಮಲಗುವ ಕೋಣೆಯ ಕಿಟಕಿಗೆ ಬೆನ್ನು ಕೊಟ್ಟು ಬಿಳಿ ಕಾರು ಗುಡುಗುತ್ತಿತ್ತು. ಅದರ ಬಾಲಕ್ಕೆ ಇವನದೇ ಹಳೆಯ ಕಹಳೆ ಅಂಟಿತ್ತು.

“ಇನ್ಮೇಲೆ ನನ್ನ ಕಾರು ಯಾವನು ಹತ್ತುತ್ತಾನೋ ನೋಡ್ತೀನಿ!” ಮಾಲೀಕನ ಮುಖದಲ್ಲಿ ಎಷ್ಟೋ ವರ್ಷದ ಭಾರ ಇಳಿದ ಕಳೆ.

“ಸಾರ್, ಈ ಸದ್ದು...”

ಮಾಲೀಕ ಎಂಜಿನ್ನಿಗಿಂತ ಜೋರಾಗಿ ಕೂಗಿದ.

“ಕಷ್ಟ ಆದ್ರೆ ಮನೆ ಖಾಲಿ ಮಾಡು!”